ಕಾಳು ಕಾಯುವ ಹಗೇವು ಆಳನ್ನು ಯಾಕೆ ಕೊಲ್ಲುತ್ತದೆ

ನೆಲದೊಳಗೆ ಕಾಳು ತುಂಬಿಡುವ ಗುಂಡಿಯಾದ ಹಗೇವಿನ ಬಾಯಿ ತೆಗೆಯುವ ದಿನ ಓಣಿಗೆಲ್ಲ ಗೊತ್ತಾಗುತ್ತಿತ್ತು. ಮೇಲಿನ ಮಣ್ಣು ಕೆರೆದು, ಹಾರೆ ಹಾಕಿ ಬಾಯಿಕಲ್ಲನ್ನು ಮೀಟಿದ ಕೂಡಲೇ ಹುಳಿ ಬೆರೆತ ಕಮಟು ವಾಸನೆಯೊಂದು ಎದ್ದು ಅಂಗಳ ದಾಟಿ ಬೀದಿಗೆ ಬರುತ್ತಿತ್ತು. ಹುಡುಗರಾದ ನಾವು ಬಗ್ಗಿ ನೋಡಲು ಓಡಿದರೆ ಅಜ್ಜ ಕೋಲು ಅಡ್ಡ ಹಿಡಿಯುತ್ತಿದ್ದ. "ದೂರ ಸರೀರ್ಲೇ! ಹಗೇವು ಇನ್ನಾ ಉಸುರು ಬಿಟ್ಟಿಲ್ಲ." ಆ ದಿನ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿಯ ಸುತ್ತ ಮುಳ್ಳುಕಂಟಿ ಇಟ್ಟು ಹಾಗೇ ಬಿಡುತ್ತಿದ್ದರು. ಮರುದಿನ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಒಬ್ಬ ಆಳು ಇಳಿಯುತ್ತಿದ್ದ. ಅದೂ ನಡುವಿಗೆ ಹಗ್ಗ ಬಿಗಿದುಕೊಂಡು, ಆ ಹಗ್ಗವನ್ನು ಮೇಲೆ ಇಬ್ಬರು ಹಿಡಿದುಕೊಂಡು.

ಹಗೇವು ಉಸಿರು ಬಿಡುವುದು ಎಂದರೆ ಅಜ್ಜ ಸುಮ್ಮನೆ ಹೆದರಿಸಲು ಹೇಳುವ ಮಾತು ಎಂದುಕೊಂಡಿದ್ದೆ. ಅದು ಅಕ್ಷರಶಃ ನಿಜ ಎಂದು ತಿಳಿದದ್ದು ಬಹಳ ತಡವಾಗಿ. ಕಾಳು ಉಸಿರಾಡುತ್ತದೆ. ಹಗೇವು ಕಾಳನ್ನು ಕಾಯುವುದೂ ಆ ಉಸಿರಿನಿಂದಲೇ, ಒಳಗಿಳಿದವನನ್ನು ಕೊಲ್ಲುವುದೂ ಅದರಿಂದಲೇ. ಈ ಒಂದು ಸಂಗತಿ ಅರ್ಥವಾದರೆ ಹಗೇವಿನಿಂದ ಹಿಡಿದು ಇವತ್ತು ಕಾಳು ತುಂಬಿಡುವ ಎತ್ತರದ ಉಕ್ಕಿನ ಸೈಲೋವರೆಗೆ ಕಾಳಿನ ಸುತ್ತ ಆಗುವ ಸಾವುಗಳಲ್ಲಿ ಹಲವು ಯಾಕೆ ಆಗುತ್ತವೆಂದು ತಿಳಿದಂತೆ. ಇನ್ನೂ ಹಲವಕ್ಕೆ ಕಾಳಿನ ಇನ್ನೊಂದು ಗುಣ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ನೆಲದೊಳಗಿನ ಉಸಿರು

ಹಗೇವು ನೋಡದವರಿಗೆ ಎರಡು ಮಾತು. ಇದು ನೆಲದಲ್ಲಿ ತೋಡಿದ ಗಡಿಗೆಯಾಕಾರದ ಗುಂಡಿ. ಒಬ್ಬ ಮನುಷ್ಯ ಮಾತ್ರ ತೂರುವಷ್ಟು ಕಿರಿದಾದ ಕೊರಳು, ಕೆಳಗೆ ಅಗಲವಾದ ಹೊಟ್ಟೆ. ನೀರು ನಿಲ್ಲದ ಗಟ್ಟಿ ನೆಲ ನೋಡಿ ತೋಡುತ್ತಾರೆ. ಒಳಗೆ ತಳಕ್ಕೂ ಗೋಡೆಗೂ ಒಣಹುಲ್ಲು ಒತ್ತಿ, ಕಾಳು ತುಂಬಿ, ಮೇಲೆ ಮತ್ತೆ ಹುಲ್ಲು ಹಾಸಿ, ಬಾಯಿಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದು ಜೋಳದ ಮನೆ, ಹಳೇ ಮೈಸೂರಿನ ಕಡೆ ರಾಗಿಯ ಮನೆ. ನೆಲದ ಮೇಲಿಡುವ ಕಣಜ, ಮಣ್ಣಿನ ವಾಡೆ, ಮಲೆನಾಡು ಕರಾವಳಿಯ ಮರದ ಪತ್ತಾಯ ಇವೆಲ್ಲ ಅಷ್ಟಿಷ್ಟು ಗಾಳಿಯಾಡುವ ಸಾಧನಗಳು. ಹಗೇವು ಹಾಗಲ್ಲ. ಗಾಳಿಯನ್ನು ಹೊರಗಿಡುವುದೇ ಅದರ ವಿದ್ಯೆ.

ಒಕ್ಕಿ, ತೂರಿ, ಒಣಗಿಸಿ ತಂದ ಜೋಳ ನಮ್ಮ ಕಣ್ಣಿಗೆ ಜೀವವಿಲ್ಲದ ವಸ್ತು. ಆದರೆ ಬಿತ್ತಿದರೆ ಮೊಳೆಯುತ್ತದಲ್ಲ, ಅಂದರೆ ಜೀವ ಒಳಗೇ ಇದೆ. ಜೀವವಿದ್ದ ಮೇಲೆ ಅದು ತನ್ನೊಳಗಿನ ಪಿಷ್ಟವನ್ನು ಇಷ್ಟಿಷ್ಟೇ ಉರಿಸುತ್ತಿರುತ್ತದೆ. ಆ ಉರಿಗೆ ಆಮ್ಲಜನಕ ಬೇಕು. ಬದಲಿಗೆ ಹೊರಬರುವುದು ಇಂಗಾಲದ ಡೈಆಕ್ಸೈಡ್, ತುಸು ನೀರು, ತುಸು ಶಾಖ. ಕಾಳಿನ ಜೊತೆಗೆ ಸೇರಿಕೊಂಡ ಹುಳ, ಬೂಷ್ಟು ಕೂಡ ಇದೇ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತವೆ.

ಇಲ್ಲೊಂದು ಲೆಕ್ಕ ಹಾಕೋಣ. 40 ಕ್ವಿಂಟಾಲ್ ಜೋಳದ ಹಗೇವು ಎನ್ನಿ. ಜೋಳ ಘನ ಮೀಟರಿಗೆ ಸುಮಾರು 750 ಕಿಲೋ ತೂಗುತ್ತದೆ, ಹಾಗಾಗಿ ಇಷ್ಟು ಜೋಳಕ್ಕೆ ಐದು ಘನ ಮೀಟರಿಗಿಂತ ತುಸು ಹೆಚ್ಚು ಜಾಗ ಬೇಕು. ಕಾಳು ಕಾಳಿನ ನಡುವಿನ ಸಂದು ಒಟ್ಟು ಜಾಗದ ಶೇಕಡಾ 40ರ ಹತ್ತಿರ. ಅಲ್ಲಿಗೆ ಒಳಗಿರುವ ಗಾಳಿ ಎರಡು ಘನ ಮೀಟರಿನಷ್ಟು. ಒಂದು ಕಿಲೋ ಪಿಷ್ಟ ಪೂರ್ತಿ ಉರಿಯಲು ಸುಮಾರು 1.2 ಕಿಲೋ ಆಮ್ಲಜನಕ ಬೇಕು, ಅಂದರೆ ನಾಲ್ಕು ಘನ ಮೀಟರಿಗೂ ಮಿಕ್ಕಿದ ಗಾಳಿ. ಹಾಗಾದರೆ ಎರಡು ಘನ ಮೀಟರಿನ ಆಮ್ಲಜನಕವೆಲ್ಲ ಮುಗಿಯಲು ಎಷ್ಟು ಜೋಳ ಕರಗಬೇಕು? ಅರ್ಧ ಕಿಲೋ. ನಾಲ್ಕು ಸಾವಿರ ಕಿಲೋ ಜೋಳದಲ್ಲಿ ಬರೀ ಅರ್ಧ ಕಿಲೋ. ಮೊರದಲ್ಲಿ ಹಿಡಿದರೆ ತಳ ಮುಚ್ಚುವಷ್ಟೂ ಆಗಲಿಕ್ಕಿಲ್ಲ. ಯಾವ ರೈತನಿಗೂ ಆ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ, ಆದರೆ ಆ ಹೊತ್ತಿಗೆ ಒಳಗೆ ಉಸಿರಾಡಲು ಏನೂ ಉಳಿದಿರುವುದಿಲ್ಲ.

ಹಗೇವಿನ ಜೋಳಕ್ಕೆ ವರ್ಷಗಟ್ಟಲೆ ನುಸಿ ಹಿಡಿಯದಿರುವುದೂ ಇದೇ ಕಾರಣಕ್ಕೆ. ಆಮ್ಲಜನಕ ಎರಡು ಮೂರು ಶೇಕಡಾಕ್ಕೆ ಇಳಿದರೆ ನುಸಿ, ಮೂತಿಹುಳ ಯಾವುದೂ ಬದುಕುವುದಿಲ್ಲ. ಒಂದು ಹನಿ ಔಷಧ ಹಾಕದೆ ಬರಗಾಲಕ್ಕೆಂದು ಕಾಳು ಕಾಪಿಟ್ಟ ಹಿರಿಯರ ಜಾಣತನಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ. ಇವತ್ತು ಮಾರುಕಟ್ಟೆಗೆ ಬಂದಿರುವ, ಗಾಳಿಯಾಡದ ಪದರ ಪದರದ ಪ್ಲಾಸ್ಟಿಕ್ ಚೀಲಗಳು ಮಾಡುವುದೂ ಇದೇ ಕೆಲಸ. ಆದರೆ ಚೀಲದೊಳಗೆ ಯಾರೂ ಇಳಿಯುವುದಿಲ್ಲ.

ಎರಡೇ ಉಸಿರು

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅದು 16ಕ್ಕೆ ಇಳಿದರೆ ತಲೆ ಮಂಕಾಗುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಹತ್ತಕ್ಕಿಂತ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಆರರ ಹತ್ತಿರ ಹೋದರೆ ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ.

"ಉಸಿರು ಕಟ್ಟಿದಂಗಾದ್ರ ಮ್ಯಾಲೆ ಬಂದ್ರಾತು" ಎಂದು ಇಳಿಯುವವರಿದ್ದಾರೆ. ಸಾವಿಗೆ ದಾರಿ ಮಾಡುವುದು ಈ ನಂಬಿಕೆಯೇ. ನೀರಿನಲ್ಲಿ ಮುಳುಗಿದಾಗ ಉಸಿರು ಬಿಗಿಹಿಡಿದು ಒಂದು ನಿಮಿಷ ಇರಬಹುದು, ಏಕೆಂದರೆ ಶ್ವಾಸಕೋಶದಲ್ಲಿ ಒಳ್ಳೆಯ ಗಾಳಿ ಉಳಿದಿರುತ್ತದೆ. ಹಗೇವಿನಲ್ಲಿ ನಾವು ಉಸಿರು ಹಿಡಿಯುವುದಿಲ್ಲ, ಎಳೆದುಕೊಳ್ಳುತ್ತೇವೆ. ಆಮ್ಲಜನಕವಿಲ್ಲದ ಗಾಳಿ ಒಳಹೋದಾಗ ರಕ್ತದಲ್ಲಿದ್ದ ಆಮ್ಲಜನಕವೂ ಶ್ವಾಸಕೋಶಕ್ಕೆ ಮರಳಿ ಬಂದು ಹೊರಹೋಗುತ್ತದೆ. ಎರಡು ಮೂರು ಉಸಿರಿಗೆ ಮೈ ಬರಿದಾಗುತ್ತದೆ. ತಲೆ ಗಿಮ್ಮೆನ್ನುವ ಹೊತ್ತಿಗೆ ಏಣಿ ಹತ್ತುವ ಶಕ್ತಿ ಕಾಲಿನಲ್ಲಿ ಉಳಿದಿರುವುದಿಲ್ಲ. ಅದಾಗಿ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಆಗುವ ಹಾನಿ ಸರಿಹೋಗುವಂಥದ್ದಲ್ಲ.

ಇದರ ಮೇಲೆ ಇಂಗಾಲದ ಡೈಆಕ್ಸೈಡ್ ತಾನೇ ಒಂದು ವಿಷ. ಹತ್ತು ಶೇಕಡಾ ಇದ್ದರೆ, ಜೊತೆಗೆ ಆಮ್ಲಜನಕ ಸಾಕಷ್ಟಿದ್ದರೂ, ಮನುಷ್ಯ ಪ್ರಜ್ಞೆ ತಪ್ಪುತ್ತಾನೆ. ಅದಕ್ಕೆ ಬಣ್ಣವಿಲ್ಲ, ಮೂಗಿಗೆ ಹೊಡೆಯುವ ವಾಸನೆಯೂ ಇಲ್ಲ. ನಾವು ಮೂಸುವ ಹಗೇವಿನ ಕಮಟು ಬೂಷ್ಟಿನದು, ಹುಳಿತ ಹುಲ್ಲಿನದು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದ್ದರಿಂದ ಬಾಯಿಕಲ್ಲು ತೆಗೆದರೂ ಅದು ಎದ್ದು ಹೋಗುವುದಿಲ್ಲ, ಬಾವಿಯ ನೀರಿನ ಹಾಗೆ ತಳದಲ್ಲೇ ನಿಂತಿರುತ್ತದೆ. ಕೊರಳು ಕಿರಿದು, ಒಳಗೆ ಗಾಳಿ ಸುಳಿಯುವುದಿಲ್ಲ. ಕಾಳು ಮೇಲ್ಮಟ್ಟದಲ್ಲಿದ್ದಾಗ ಬಾಯಿಯಲ್ಲೇ ಕೂತು ತೆಗೆಯಬಹುದು, ಅಪಾಯ ಕಡಿಮೆ. ಅರ್ಧ ಖಾಲಿಯಾದ ಮೇಲೆ ಇಳಿಯಲೇಬೇಕಾಗುತ್ತದೆ, ಅಷ್ಟರಲ್ಲಿ ಒಂದೆರಡು ಸಲ ಏನೂ ಆಗದೆ ಕೆಲಸ ನಡೆದಿರುತ್ತದೆ, ಧೈರ್ಯ ಬಂದಿರುತ್ತದೆ. ಆದರೆ ಪ್ರತಿ ಸಲ ಮುಚ್ಚಿದಾಗಲೂ ಹಗೇವು ಮತ್ತೆ ಮೊದಲಿನಿಂದ ಉಸಿರಾಡಲು ಶುರುಮಾಡುತ್ತದೆ. ಹೋದ ವಾರ ಇಳಿದು ಬಂದದ್ದು ಈ ವಾರಕ್ಕೆ ಸಾಕ್ಷಿಯಲ್ಲ. ಮಳೆ ನೀರು ಒಸರಿ ತಳದ ಕಾಳು ನೆನೆದಿದ್ದರಂತೂ ಉಸಿರಾಟ ಹತ್ತಾರು ಪಟ್ಟು ಏರಿರುತ್ತದೆ.

ಲಾಟೀನಿನ ಮಾತು ಬಂತಲ್ಲ, ಅದನ್ನು ಸರಿಯಾಗಿ ಹೇಳಬೇಕು. ದೀಪ ಆರುವುದು ಆಮ್ಲಜನಕ 16–17 ಶೇಕಡಾಕ್ಕೆ ಇಳಿದಾಗ. ದೀಪ ಆರಿದರೆ ಇಳಿಯಬಾರದು, ಇದರಲ್ಲಿ ಎರಡು ಮಾತಿಲ್ಲ. ಆದರೆ ದೀಪ ಉರಿದರೆ ಇಳಿಯಬಹುದು ಎಂಬುದು ಪೂರ್ತಿ ನಿಜವಲ್ಲ. ಲಾಟೀನು ಇಳಿದದ್ದು ಮಧ್ಯಕ್ಕೆ, ಆಳು ಬಗ್ಗಿ ಕಾಳು ಬಾಚುವುದು ಮೂಲೆಯ ತಗ್ಗಿನಲ್ಲಿ. ಅಲ್ಲಿಯ ಗಾಳಿ ಬೇರೆ. ಬಾಚುತ್ತಾ ಹೋದಂತೆ ಕಾಳಿನ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಕೆಟ್ಟ ಗಾಳಿ ಹೊಸದಾಗಿ ಹೊರಬರುತ್ತಿರುತ್ತದೆ. ಕಾಳಿಗೆ ಹುಳ ಕೊಲ್ಲುವ ಮಾತ್ರೆ ಹಾಕಿದ್ದರೆ ಅದರ ವಿಷವನ್ನು ದೀಪ ತೋರಿಸುವುದೇ ಇಲ್ಲ. ಅಜ್ಜನ ಕಾಲಕ್ಕೆ ಲಾಟೀನು ಬಿಟ್ಟರೆ ಬೇರೆ ಸಾಧನವಿರಲಿಲ್ಲ. ಈಗ ಅಂಗೈಯಲ್ಲಿ ಹಿಡಿಯುವ ಅನಿಲ ಮೀಟರುಗಳಿವೆ. ಊರಿಗೊಂದು ಸಹಕಾರ ಸಂಘ ಒಂದು ಮೀಟರು, ಒಂದು ಬ್ಲೋವರ್, ಮೈಗೆ ಸುತ್ತುವ ಪಟ್ಟಿಯ ಒಂದು ಹಾರ್ನೆಸ್ ಕೊಂಡಿಟ್ಟುಕೊಂಡು ಬೇಕಾದವರಿಗೆ ಕೊಟ್ಟರೆ ಎಷ್ಟು ಮನೆಗಳು ಉಳಿಯುತ್ತವೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಎರಡನೆಯವನು

ಹಗೇವಿನ ಸಾವಿನ ಸುದ್ದಿಗಳಲ್ಲಿ ಒಂದು ಸಾಮ್ಯ ಇರುತ್ತದೆ. ಸತ್ತವನು ಒಬ್ಬನೇ ಆಗಿರುವುದು ಅಪರೂಪ. ಇಬ್ಬರು, ಮೂವರು, ಹೆಚ್ಚಾಗಿ ಒಂದೇ ಮನೆಯವರು. ತಮ್ಮ ಇಳಿದ, ಸದ್ದಿಲ್ಲ. ಅಣ್ಣ ಬಗ್ಗಿ ನೋಡಿದ, ತಮ್ಮ ಜೋಳದ ಮೇಲೆ ಬಿದ್ದಿದ್ದಾನೆ. ಕರೆದರೆ ಓಗೊಡುವುದಿಲ್ಲ. ಹತ್ತು ಅಡಿ ಕೆಳಗೆ, ಕಣ್ಣಿಗೆ ಕಾಣುವ ಹಾಗೆ, ಬೆನ್ನಿಗೆ ಹುಟ್ಟಿದವನು. ಆ ಕ್ಷಣದಲ್ಲಿ ಇಳಿಯದೆ ನಿಲ್ಲುವ ಮನಸ್ಸು ಯಾರಿಗೆ ಬಂದೀತು? ಅಣ್ಣನೂ ಇಳಿಯುತ್ತಾನೆ. ತಮ್ಮನಿಗೆ ಏನಾಯಿತೋ ಅವನಿಗೂ ಅದೇ ಆಗುತ್ತದೆ.

ಇಕ್ಕಟ್ಟಿನ, ಗಾಳಿಯಿಲ್ಲದ ಜಾಗಗಳಲ್ಲಿ ಸತ್ತವರಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಮಂದಿ ಇನ್ನೊಬ್ಬರನ್ನು ಉಳಿಸಲು ಇಳಿದವರು ಎಂದು ಅಮೆರಿಕದ ಕೆಲಸಗಾರರ ಸುರಕ್ಷತೆ ಮತ್ತು ಆರೋಗ್ಯದ ಸಂಶೋಧನಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಬಾವಿ, ಮ್ಯಾನ್‌ಹೋಲ್, ಗೋಬರ್ ಗ್ಯಾಸ್ ಗುಂಡಿ, ಹಗೇವು ಎಲ್ಲೆಡೆಯೂ ಇದೇ ಕತೆ.

ಹಾಗಾದರೆ ಮೇಲಿದ್ದವರು ಏನು ಮಾಡಬೇಕು? ಇಳಿಯಬಾರದು. ಗಾಳಿ ಇಳಿಸಬೇಕು. ರಾಶಿ ತೂರುವ ಫ್ಯಾನು, ಬ್ಲೋವರ್, ಔಷಧ ಹೊಡೆಯುವ ಪವರ್ ಸ್ಪ್ರೇಯರಿನ ಗಾಳಿ ಕೊಳವೆ, ಯಾವುದು ಕೈಗೆ ಸಿಕ್ಕರೂ ಅದರ ಕೊಳವೆಯನ್ನು ತಳದವರೆಗೆ ಬಿಟ್ಟು ಹೊರಗಿನ ಗಾಳಿ ತುಂಬಬೇಕು. ಸ್ಪ್ರೇಯರ್ ಆದರೆ ಅದರಲ್ಲಿ ಔಷಧದ ಪಸೆ ಇರಕೂಡದು. ಪೆಟ್ರೋಲ್ ಎಂಜಿನ್ ಆದರೆ ಎಂಜಿನನ್ನು ಬಾಯಿಯಿಂದ ದೂರ, ಗಾಳಿ ಬೀಸುವ ಕಡೆಗೆ ಹೊಗೆ ಹೋಗುವ ಹಾಗೆ ಇಡಬೇಕು, ಇಲ್ಲದಿದ್ದರೆ ಅದರ ಹೊಗೆಯೇ ಒಳಗಿಳಿಯುತ್ತದೆ. ಏನೂ ಇಲ್ಲವೆಂದರೆ ಕಂಬಳಿಯನ್ನೋ ಎಲೆತುಂಬಿದ ಬೇವಿನ ಟೊಂಗೆಯ ಕಟ್ಟನ್ನೋ ಹಗ್ಗಕ್ಕೆ ಕಟ್ಟಿ ಜೋರಾಗಿ ಮೇಲೆ ಕೆಳಗೆ ಆಡಿಸಬೇಕು. ಇದು ಬ್ಲೋವರಿಗೆ ಸಮನಲ್ಲ, ಆದರೆ ನಿಂತ ಗಾಳಿಯನ್ನು ಕಲಕುತ್ತದೆ. ಅದೇ ಹೊತ್ತಿಗೆ ಒಬ್ಬರು 112ಕ್ಕೆ ಫೋನು ಮಾಡಿ, ಗುಂಡಿಯೊಳಗೆ ಗಾಳಿಯಿಲ್ಲದೆ ಮನುಷ್ಯ ಬಿದ್ದಿದ್ದಾನೆ, ಅಗ್ನಿಶಾಮಕದವರು ಉಸಿರಾಟದ ಸಿಲಿಂಡರ್ ತರಬೇಕು ಎಂದು ಬಿಡಿಸಿ ಹೇಳಬೇಕು. ಬರೀ "ಬಿದ್ದಿದ್ದಾನೆ" ಎಂದರೆ ಅವರು ಬೇರೆ ಸಿದ್ಧತೆಯಲ್ಲಿ ಬಂದಾರು.

ಮತ್ತು ಹಗ್ಗ. ಇಳಿಯುವ ಮುಂಚೆಯೇ ಕಟ್ಟಿದ್ದರೆ, ಬಿದ್ದವನನ್ನು ಯಾರೂ ಇಳಿಯದೆ ಮೇಲಿನಿಂದಲೇ ಎಳೆಯಬಹುದು. ನಡುವಿಗೆ ಮಾತ್ರ ಕಟ್ಟಿದರೆ ಪ್ರಜ್ಞೆ ತಪ್ಪಿದವನು ಮಡಚಿಕೊಂಡು ಕಿರಿದಾದ ಕೊರಳಲ್ಲಿ ಸಿಕ್ಕಿಕೊಳ್ಳುತ್ತಾನೆ. ಎದೆಗೂ ತೊಡೆಗೂ ಸುತ್ತುವ ಹಾರ್ನೆಸ್ ಹಾಕಿ, ಹಗ್ಗ ಭುಜಗಳ ನಡುವಿನಿಂದ ಮೇಲೆ ಬರುವಂತಿದ್ದರೆ ಮೈ ನೆಟ್ಟಗೆ ಬರುತ್ತದೆ. ಅಜ್ಜನ ಪದ್ಧತಿಯಲ್ಲಿ ಲಾಟೀನಿನ ಜೊತೆಗೆ ನಾನು ತಿದ್ದಬೇಕೆನ್ನುವುದು ಇದೊಂದನ್ನು. ಮೇಲಿನವರು ಒಳಗಿನವನ ಜೊತೆ ಮಾತಾಡುತ್ತಲೇ ಇರಬೇಕು. ಮಾತಿಗೆ ಮಾತು ಬರುವುದು ತಡವಾಯಿತೋ, ಕಾರಣ ಕೇಳದೆ ಎಳೆಯಬೇಕು.

ಮಾತ್ರೆಯ ವಿಷ

ಈಗ ಹಳ್ಳಿಗಳಲ್ಲಿ ಹಗೇವು ಕಡಿಮೆಯಾಗಿ ತಗಡಿನ ಪೀಪಾಯಿ, ಗೋಣಿಚೀಲ ಬಂದಿವೆ. ಇವುಗಳಲ್ಲಿ ಗಾಳಿಯಾಡುತ್ತದೆ, ಹಾಗಾಗಿ ಹುಳವೂ ಬರುತ್ತದೆ. ಹುಳಕ್ಕೆಂದು ಅಂಗಡಿಯಿಂದ ತರುವ ಬೂದುಬಣ್ಣದ ಮಾತ್ರೆ ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಮೂರು ಗ್ರಾಮಿನ ಒಂದು ಮಾತ್ರೆ ಒಂದು ಗ್ರಾಂ ಅನಿಲ ಕೊಡುತ್ತದೆ.

ಒಂದು ಗ್ರಾಂ ಎಂದರೆ ಏನು ಮಹಾ ಎನಿಸಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮುಚ್ಚಿದ ಕೋಣೆಯಲ್ಲಿ ಅದು ಹರಡಿದರೆ ಗಾಳಿಯ ಹತ್ತು ಲಕ್ಷ ಪಾಲಿಗೆ 25 ಪಾಲಿನಷ್ಟಾಗುತ್ತದೆ. ದಿನದ ಕೆಲಸಕ್ಕೆ ಒಪ್ಪಿತವಾದ ಮಿತಿ 0.3 ಪಾಲು. 50 ಪಾಲು ತಲುಪಿದರೆ ಜೀವಕ್ಕೆ ತಕ್ಷಣದ ಅಪಾಯ ಎಂದು ಪರಿಗಣಿಸುತ್ತಾರೆ. ಅಂದರೆ ಮಲಗುವ ಕೋಣೆಯ ಮೂಲೆಯಲ್ಲಿ ಒಟ್ಟಿದ ಚೀಲಗಳ ನಡುವೆ ಸಿಕ್ಕಿಸಿದ ಎರಡೇ ಮಾತ್ರೆ ಸಾಕು. ರಾತ್ರಿ ಕಿಟಕಿ ಮುಚ್ಚಿ ಮಲಗಿದವರಿಗೆ ಬೆಳಗಿನ ಹೊತ್ತಿಗೆ ವಾಂತಿ, ತಲೆಸುತ್ತು, ಎದೆ ಬಿಗಿತ. ಊಟ ಕೆಟ್ಟಿತ್ತೇನೋ ಎಂದುಕೊಂಡು ಅದೇ ಕೋಣೆಯಲ್ಲಿ ಮತ್ತೆ ಮಲಗುತ್ತಾರೆ. ಈ ವಿಷಕ್ಕೆ ಪ್ರತಿವಿಷವೇ ಇಲ್ಲ. ಬೆಳ್ಳುಳ್ಳಿಯಂಥ, ಕೊಳೆತ ಮೀನಿನಂಥ ವಾಸನೆ ಬಂದರೆ ಮನೆಮಂದಿಯೆಲ್ಲ ಬಯಲಿಗೆ ಬರಬೇಕು. ಆದರೆ ವಾಸನೆ ಬರದಿದ್ದರೆ ವಿಷವಿಲ್ಲ ಎಂದಲ್ಲ. ಆಸ್ಪತ್ರೆಗೆ ಹೋದಾಗ "ಕಾಳಿಗೆ ಮಾತ್ರೆ ಇಟ್ಟಿದ್ವಿ" ಎಂದು ಮೊದಲ ಮಾತಿನಲ್ಲೇ ವೈದ್ಯರಿಗೆ ಹೇಳಬೇಕು, ಅವರಾಗಿ ಊಹಿಸುವುದು ಕಷ್ಟ.

ಈ ಮಾತ್ರೆ ನಮ್ಮ ದೇಶದಲ್ಲಿ ನಿರ್ಬಂಧಿತ. ಸರ್ಕಾರಿ ಪರಿಣತರು ಇಲ್ಲವೇ ಪರವಾನಗಿ ಪಡೆದ ಕೀಟನಿಯಂತ್ರಕರು ಮಾತ್ರ ಬಳಸಬೇಕಾದದ್ದು. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ ಎಂದ ಮಾತ್ರಕ್ಕೆ ಮನೆಯೊಳಗೆ ಇಡುವ ವಸ್ತುವಲ್ಲ. ಮನೆ ಖರ್ಚಿನ ಕಾಳಿಗೆ ಚೆನ್ನಾಗಿ ಒಣಗಿಸುವುದು, ಗಾಳಿಯಾಡದ ಚೀಲ ಅಥವಾ ಮುಚ್ಚಳ ಬಿಗಿಯಾದ ಪೀಪಾಯಿ, ಇಷ್ಟೇ ಸಾಕು.

ಕಾಳು ಹರಿಯುವ ಬಗೆ

ಕಾಳಿನ ಇನ್ನೊಂದು ಗುಣ ಎಂದೆನಲ್ಲ, ಅದು ಹರಿವು. ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ನೀರಿನ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ಹಿಡಿಯಿರಿ. ಬಾಯಿಗೆ ಬೆರಳು ಒತ್ತಿ, ಜೋಳ ತುಂಬಿ, ಮೇಲೆ ನಡುವಿಗೆ ಒಂದು ಹುಣಸೆಬೀಜ ಇಡಿ. ಈಗ ಬೆರಳು ತೆಗೆಯಿರಿ. ತಳದ ಕಾಳೆಲ್ಲ ಮುಗಿದ ಮೇಲೆ ಮೇಲಿನದು ಇಳಿಯುತ್ತದೆ ಎಂದು ನಾವು ಎಣಿಸಿರುತ್ತೇವೆ. ಆಗುವುದೇ ಬೇರೆ. ನಡುವೆ ಒಂದು ಕುಳಿ ಬೀಳುತ್ತದೆ, ಮೇಲ್ಮೈಯ ಕಾಳು ಸುತ್ತಲಿಂದ ಆ ಕುಳಿಗೆ ಜಾರುತ್ತದೆ, ಹುಣಸೆಬೀಜ ಕಣ್ಣು ಮಿಟುಕಿಸುವುದರೊಳಗೆ ಕಾಣೆಯಾಗುತ್ತದೆ. ಅಂಚಿನ ಕಾಳು ಇನ್ನೂ ಅಲುಗಿರುವುದೇ ಇಲ್ಲ.

ಬಾಟಲಿಯ ಬದಲು ಕಾಳು ತುಂಬಿದ ಇಪ್ಪತ್ತು ಅಡಿ ಎತ್ತರದ ಉಕ್ಕಿನ ಬಿನ್, ಹುಣಸೆಬೀಜದ ಬದಲು ಮೇಲೆ ನಿಂತು ಕೋಲಿನಿಂದ ಕಾಳು ಕೆದಕುತ್ತಿರುವ ಹುಡುಗ. ತಳದಲ್ಲಿ ಕಾಳು ಹೊರತೆಗೆಯುವ ತಿರುಪಿನಂಥ ಯಂತ್ರ, ಆಗರ್, ತಿರುಗುತ್ತಿದ್ದರೆ ನಾಲ್ಕೈದು ಸೆಕೆಂಡಿನಲ್ಲಿ ಮೊಣಕಾಲು ಹೂತು ಹೋಗುತ್ತದೆ, ಆಮೇಲೆ ತಾನಾಗಿ ಕಾಲು ಕೀಳಲು ಆಗುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಸೆಕೆಂಡಿಗೆ ತಲೆಯೂ ಮುಚ್ಚುತ್ತದೆ. ಕಾಳಿನಲ್ಲಿ ಈಜಲಾಗುವುದಿಲ್ಲ. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದಲ್ಲ, ಆ ಸಂದಿಗೆ ಕಾಳು ತುಂಬಿಕೊಳ್ಳುತ್ತದೆ, ಮುಂದಿನ ಉಸಿರಿಗೆ ಎದೆ ಹಿಗ್ಗಲು ಬಿಡುವುದಿಲ್ಲ.

ಹರಿಯದೆ ನಿಂತ ಕಾಳೂ ನಂಬುವಂಥದ್ದಲ್ಲ. ತೇವವಿದ್ದ ಮೆಕ್ಕೆಜೋಳ ಬೂಷ್ಟು ಹಿಡಿದು ಮೇಲ್ಪದರ ಹೆಪ್ಪುಗಟ್ಟುತ್ತದೆ. ಕೆಳಗಿನಿಂದ ಕಾಳು ತೆಗೆದಂತೆ ಈ ಹೆಪ್ಪಿನ ಅಡಿ ಪೊಳ್ಳಾಗುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲದಂತೆ ಕಾಣುತ್ತದೆ, ಕಾಲಿಟ್ಟರೆ ಹಳೆ ಮಾಳಿಗೆ ಕುಸಿದಂತೆ ಕುಸಿಯುತ್ತದೆ. ಇನ್ನು ಗೋಡೆಗೆ ಅಂಟಿ ನೆಟ್ಟಗೆ ನಿಂತ ಕಾಳು. ಅದನ್ನು ಕೆಳಗೆ ನಿಂತು ಕೆದಕಿದವನ ಮೇಲೆ ಟನ್ನುಗಟ್ಟಲೆ ಒಂದೇ ಸಲಕ್ಕೆ ಜರಿಯುತ್ತದೆ. ಹಾಗಾಗಿ ಈ ಅನಾಹುತದ ಬೇರು ಇರುವುದು ಒಣಗಿಸುವ ಕಣದಲ್ಲಿ. ತೇವಾಂಶ 12ರಿಂದ 14 ಶೇಕಡಾದೊಳಗಿದ್ದರೆ ಕಾಳು ಹೆಪ್ಪುಗಟ್ಟುವುದಿಲ್ಲ, ಹೆಪ್ಪುಗಟ್ಟದಿದ್ದರೆ ಬಿಡಿಸಲು ಯಾರೂ ಒಳಗೆ ಹೋಗಬೇಕಿಲ್ಲ. ಮೀಟರಿಲ್ಲದವರು ಒಣಗಿದ ಗಾಜಿನ ಬಾಟಲಿಗೆ ಕಾಳಿನ ಜೊತೆ ಒಂದು ಚಮಚ ಒಣ ಉಪ್ಪು ಹಾಕಿ ಒಂದೆರಡು ನಿಮಿಷ ಅಲುಗಾಡಿಸಿ, ತುಸು ಹೊತ್ತು ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ರ ಮೇಲಿದೆ, ಇನ್ನೂ ಬಿಸಿಲು ಬೇಕು.

ಕಾಳಿನ ಭಾರ ಎಂಥದ್ದು ಎಂಬುದನ್ನು ನಮ್ಮ ನಾಡು 2023ರ ಡಿಸೆಂಬರಿನಲ್ಲಿ ಕಂಡಿದೆ. ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ಏಳು ಮಂದಿ ಕಾರ್ಮಿಕರು ಅದರಡಿ ಸಿಲುಕಿ ಸತ್ತರು. ದೂರದ ಬಿಹಾರದಿಂದ ದುಡಿಯಲು ಬಂದವರು. ನಮ್ಮ ಹೊಲದಲ್ಲಿ ಬೆಳೆಯುವ, ನಾವು ದಿನಾ ಕೈಯಲ್ಲಿ ಆಡಿಸುವ ಕಾಳು ಅದು.

ಕಾಳಿನಲ್ಲಿ ಹೂತವರನ್ನು ಕಂಡರೆ ಮೊದಲು ಬರುವ ಯೋಚನೆ ಕೈ ಹಿಡಿದು ಎಳೆಯುವುದು. ಅದು ಬೇಡ. ನಡುಮಟ್ಟ ಹೂತವರನ್ನು ಎತ್ತಲು ಸುಮಾರು 180 ಕಿಲೋದಷ್ಟು ಬಲ ಬೇಕಾಗುತ್ತದೆ, ಎದೆ ದಾಟಿದರೆ ಅದಕ್ಕೂ ಎಷ್ಟೋ ಹೆಚ್ಚು. ಹಗ್ಗ ಹಾಕಿ ಟ್ರ್ಯಾಕ್ಟರಿನಿಂದ ಎಳೆದರೆ ಬೆನ್ನುಮೂಳೆ, ಭುಜ ಕಿತ್ತು ಬರುತ್ತವೆ, ಮನುಷ್ಯ ಬರುವುದಿಲ್ಲ. ಮೊದಲು ಮೋಟಾರು ನಿಲ್ಲಿಸಬೇಕು. ರಾಶಿಯ ಮೇಲೆ ಯಾರೂ ಹತ್ತಬಾರದು, ಹತ್ತಿದಷ್ಟೂ ಕಾಳು ಅವನ ಕಡೆಗೇ ಜಾರುತ್ತದೆ. ನುರಿತವರು ಮಾಡುವುದು ಇಷ್ಟು: ಹೂತವನ ಸುತ್ತ ತಗಡನ್ನೋ ಹಲಗೆಯನ್ನೋ ಕಾಳಿಗೆ ಒತ್ತಿ ಬೇಲಿಯಂತೆ ನಿಲ್ಲಿಸಿ, ಆ ಬೇಲಿಯೊಳಗಿನ ಕಾಳನ್ನು ಮಾತ್ರ ಬುಟ್ಟಿಯಲ್ಲಿ ಎತ್ತಿ ಹಾಕುತ್ತಾ ಬಂದರೆ ಕಾಲು ತಾನಾಗಿ ಸಡಿಲುತ್ತದೆ. ತಲೆ ಮುಚ್ಚಿದ್ದರೆ ಬಿನ್ನಿನ ಗೋಡೆಯನ್ನು ಎದುರುಬದುರಾಗಿ ಹಲವು ಕಡೆ ಕತ್ತರಿಸಿ ಕಾಳು ಸುತ್ತಲೂ ಒಂದೇ ಸಮ ಸುರಿಯುವಂತೆ ಮಾಡಬೇಕು. ಒಂದೇ ಕಡೆ ಕತ್ತರಿಸಿದರೆ ಬಿನ್ನೇ ವಾಲೀತು. ಗಾಳಿ ಊದುವ ಫ್ಯಾನಿದ್ದರೆ ಬಿಸಿ ಇಲ್ಲದೆ ಬರೀ ಗಾಳಿ ಬಿಡಬೇಕು. ಕಾಳಿನ ಸಂದಿನಲ್ಲಿ ಅಷ್ಟಿಷ್ಟು ಗಾಳಿ ಇರುತ್ತದೆ, ಪೂರ್ತಿ ಹೂತವರೂ ಬದುಕಿ ಬಂದದ್ದುಂಟು. ಸತ್ತಿರಬೇಕು ಎಂದು ಕೈಚೆಲ್ಲುವುದು ತಪ್ಪು.

ನಮ್ಮ ಹಳ್ಳಿಗಳಿಗೇ ವಿಶೇಷವಾದ ಅಪಾಯವೊಂದಿದೆ. ಕರೆಂಟು ಹೋಯಿತೆಂದು ಆಗರ್ ನಿಂತಿರುತ್ತದೆ, ಆ ಸಮಯ ನೋಡಿ ಒಬ್ಬ ಒಳಗಿಳಿದು ಗಡ್ಡೆ ಬಿಡಿಸುತ್ತಿರುತ್ತಾನೆ. ಸ್ವಿಚ್ಚು ಹಾಕಿದ್ದು ಹಾಗೇ ಇರುತ್ತದೆ. ತ್ರೀ ಫೇಸ್ ಬಂದ ಕೂಡಲೇ, ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರಿನ ಹಾಗೆ, ಮೋಟಾರು ತಾನಾಗಿ ಹೊರಳುತ್ತದೆ. ಸ್ವಿಚ್ಚು ಆರಿಸಿದರೂ ಸಾಲದು, ಗೊತ್ತಿಲ್ಲದ ಇನ್ನೊಬ್ಬ ಬಂದು ಹಾಕಿಯಾನು. ಫ್ಯೂಸ್ ಕಿತ್ತು ಇಳಿಯುವವನೇ ಜೇಬಿಗೆ ಹಾಕಿಕೊಳ್ಳಬೇಕು. ಹಾಗೆಯೇ ಟ್ರೇಲರಿನಲ್ಲಿ ಮೆಕ್ಕೆಜೋಳದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಂದಾಗ, ಹಿಂದಿನ ಬಾಗಿಲು ತೆಗೆಯುವ ಮುಂಚೆ ಎಲ್ಲರೂ ಕೆಳಗಿಳಿದರೇ ಎಂದು ತಲೆ ಎಣಿಸಬೇಕು. ಕಾಳಿನ ರಾಶಿ ಮಕ್ಕಳಿಗೆ ಮರಳಿನ ರಾಶಿಯಷ್ಟೇ ಆಕರ್ಷಣೆ.

ಗಿರಣಿ, ಪಶು ಆಹಾರದ ಘಟಕ ನಡೆಸುವವರು ಕಾಳಿನ ದೂಳನ್ನೂ ಮರೆಯಬಾರದು. ಮುಚ್ಚಿದ ಜಾಗದಲ್ಲಿ ತೇಲುವ ದೂಳಿಗೆ ಒಂದು ಕಿಡಿ ಸಾಕು. ಅಮೆರಿಕದ ಲೂಸಿಯಾನಾ ರಾಜ್ಯದ ವೆಸ್ಟ್‌ವೇಗೊದಲ್ಲಿ 1977ರ ಡಿಸೆಂಬರಿನಲ್ಲಿ ಧಾನ್ಯ ಸಂಗ್ರಹಾಗಾರ ಸಿಡಿದು 36 ಮಂದಿ ಸತ್ತರು. ಬೀಡಿ, ವೆಲ್ಡಿಂಗ್, ಕಾದ ಬೇರಿಂಗ್ ಯಾವುದೂ ದೂಳಿನ ಹತ್ತಿರ ಸುಳಿಯಬಾರದು.

ಕಾನೂನು ಈ ವಿಷಯದಲ್ಲಿ ಕುರುಡಾಗಿರಲಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಕೆಟ್ಟ ಅನಿಲವಿರಬಹುದಾದ ಗುಂಡಿ, ಟ್ಯಾಂಕುಗಳಿಗೆ ಇಳಿಯುವ ಬಗ್ಗೆಯೇ ಇತ್ತು. ಒಳಗಿನ ಗಾಳಿ ಸರಿಯಿದೆ ಎಂದು ತಿಳಿದವರು ಪರೀಕ್ಷಿಸಿ ಬರೆದುಕೊಟ್ಟಿರಬೇಕಿತ್ತು. ಇಲ್ಲವಾದರೆ ಇಳಿಯುವವನು ಉಸಿರಾಟದ ಸಾಧನ ತೊಟ್ಟು ಸೊಂಟಪಟ್ಟಿ ಕಟ್ಟಿರಬೇಕಿತ್ತು, ಅದರ ಹಗ್ಗದ ತುದಿ ಹೊರಗಿರುವವನ ಕೈಯಲ್ಲಿರಬೇಕಿತ್ತು. ಅಜ್ಜನ ಹಗ್ಗವೇ ಕಾಯ್ದೆಯಲ್ಲೂ ಇತ್ತು. ಆದರೆ ಮನೆಯಂಗಳದ ಹಗೇವು ಕಾರ್ಖಾನೆಯಲ್ಲ. ಅಲ್ಲಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಕೋಲು ಅಡ್ಡ ಹಿಡಿಯುವ ಹಿರಿಯರು ಮಾತ್ರ ಇರುತ್ತಿದ್ದರು.

ಅವರು ಹೋದ ಮೇಲೆ ಹಗೇವುಗಳೂ ಮರೆತುಹೋಗುತ್ತಿವೆ. ಅಂಗಳಕ್ಕೆ ಬಂಡೆ ಹಾಸಿದ್ದಾರೆ, ಪಡಸಾಲೆಗೆ ಟೈಲ್ಸ್ ಬಂದಿದೆ, ಓಣಿಗೆ ಕಾಂಕ್ರೀಟ್ ಬಿದ್ದಿದೆ. ಕೆಳಗೆ ಹೊಟ್ಟೆ ಖಾಲಿಯಾದ ಗುಂಡಿ ಹಾಗೇ ಇದೆ. ಕಾಳಿಲ್ಲದಿದ್ದರೂ ಕೊಳೆತ ಹುಲ್ಲು, ಬೇರು, ಒಸರಿದ ನೀರು ಆಮ್ಲಜನಕವನ್ನು ತಿನ್ನುತ್ತಲೇ ಇರುತ್ತವೆ. ನಲ್ಲಿ ಪೈಪಿಗೆಂದು ಅಗೆಯುವಾಗ ಸಲಿಕೆ ಟೊಳ್ಳು ಸದ್ದು ಮಾಡಿದರೆ, ಒಳಗೆ ಏನಿದೆ ನೋಡೋಣ ಎಂದು ಯಾರೂ ಇಳಿಯಬೇಡಿ. ಹಳೆ ಮನೆ ಕೊಂಡವರು, ಪಾಲಿಗೆ ಬಂದ ಮನೆ ಕೆಡವಿ ಕಟ್ಟುವವರು ಓಣಿಯಲ್ಲಿ ಉಳಿದಿರುವ ಹಿರಿಯರೊಬ್ಬರನ್ನು ಕರೆತಂದು ಕೇಳಿ: "ಯಜ್ಜಾ, ಈ ಮನ್ಯಾಗ ಹಗೇವು ಎಲ್ಲಿತ್ತು?" ಅವರು ಕೋಲಿನಿಂದ ನೆಲ ಕುಟ್ಟಿ ತೋರಿಸುತ್ತಾರೆ. ಆ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಬಾಯಿಕಲ್ಲು ತೆಗೆಸಿ, ಮೇಲಿನಿಂದಲೇ ಗರಸು ಸುರಿದು ತುಂಬಿಸಿಬಿಡಿ.